ಮೊದಲು ಮಸ್ಕಿ, ಆಮೇಲೆ ಶಿಕಾಗೊ

ಗುಲ್ಷನ್‌ಬೀಗೆ ಬಸ್ಸು ಆಗಿಬರುವುದಿಲ್ಲ. ಕೆಲವರಿಗೆ ಬದನೆಕಾಯಿ ಆಗಿಬರುವುದಿಲ್ಲ, ಕೆಲವರಿಗೆ ಅತ್ತೆ ಆಗಿಬರುವುದಿಲ್ಲ, ಈಕೆಗೆ ಬಸ್ಸು. ಸಿಂಧನೂರಿನ ಬಸ್‌ಸ್ಟ್ಯಾಂಡ್ ಬಿಟ್ಟು ಊರು ದಾಟುವುದರೊಳಗೆ ಮುಖ ಬಿಳಿಚಿಕೊಳ್ಳುತ್ತದೆ, ಸೆರಗು ಬಾಯಿಗೆ ಹೋಗುತ್ತದೆ, ಆಮೇಲೆ ತಲೆ ಕಿಟಕಿಯ ಹೊರಗೆ. ಇಂಥವಳಿಗೆ ಅಮೆರಿಕದ ಶಿಕಾಗೊಕ್ಕೆ ಹೋಗುವ ಕಾಲ ಬಂತು ನೋಡಿ. ದೇವರಿಗೂ ಒಮ್ಮೊಮ್ಮೆ ಚೇಷ್ಟೆ ಮಾಡಬೇಕು ಅನ್ನಿಸುತ್ತದೋ ಏನೋ.

ನಾನು ಶಿವಲಿಂಗಮ್ಮ, ಪಕ್ಕದ ಮನೆಯವಳು. ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ಗುಲ್ಷನ್‌ಬೀ, ಆಕೆಯ ಗಂಡ ದಾವಲ್‌ಸಾಬ್ ಗಾದಿ ಹೊಲಿಯುವವರು. ನಮ್ಮ ಕಾಲುವೆ ಸೀಮೆಯಲ್ಲಿ ಭತ್ತದ ಸುಗ್ಗಿ ಮುಗಿದು ಮದುವೆಗಳು ಶುರುವಾದರೆ ಆಕೆಗೆ ಕೈ ಬಿಡುವಿರುವುದಿಲ್ಲ. ಅವರ ಹತ್ತಿಯ ದೂಳು ನನ್ನ ಹಿಟ್ಟಿಗೆ ಬೀಳುತ್ತದೆಂದು ನಾನು ಬೈಯುತ್ತೇನೆ, ನನ್ನ ಒಲೆಯ ಹೊಗೆ ತನ್ನ ಬಿಳಿ ಬಟ್ಟೆಗೆ ಹತ್ತುತ್ತದೆಂದು ಆಕೆ ಬೈಯುತ್ತಾಳೆ. ಹೀಗೆ ಬೈದುಕೊಂಡೇ ಇಬ್ಬರ ತಲೆಯೂ ಬೆಳ್ಳಗಾಗಿದೆ. ನನ್ನ ಬಾಯಿ ಸ್ವಲ್ಪ ಜೋರು ಅನ್ನುತ್ತಾರೆ. ಇರಲಿ, ಜೋರಿರುವುದಕ್ಕೇ ಈ ಕೆಲಸ ಆಯಿತು.

ಗುಲ್ಷನ್‌ಬೀಗೆ ಒಬ್ಬಳೇ ತಂಗಿ, ವಸೀಮಾ. ಆ ಮಗು ಅಂಬೆಗಾಲಿಡುತ್ತಿದ್ದಾಗಲೇ ತಾಯಿ ತೀರಿಕೊಂಡಳು. ಗುಲ್ಷನ್‌ಬೀ ಆಗ ಇನ್ನೂ ಹುಡುಗಿ. ತಂಗಿಯನ್ನು ಸೊಂಟದ ಮೇಲೆ ಇಟ್ಟುಕೊಂಡೇ ಹತ್ತಿ ಬಿಡಿಸಿದಳು, ಸೂಜಿ ಹಿಡಿದಳು. ಮದುವೆಯ ಮಾತು ಬಂದಾಗ, "ನನ್ನ ಕೂಡ ನನ್ನ ತಂಗೀನೂ ಬರ್ತಾಳ. ಒಪ್ಪಿಗಿದ್ರ ಹೌದನ್ರಿ, ಇಲ್ಲಂದ್ರ ಎದ್ದು ಹೋಗ್ರಿ" ಅಂದಳಂತೆ. ಬಂದವರೆಲ್ಲ ಎದ್ದು ಹೋದರು, ದಾವಲ್‌ಸಾಬ್ ಮಾತ್ರ ಕೂತ. ಅದಕ್ಕೇ ಆತನ ಮೇಲೆ ನನಗೆ ಎಷ್ಟೇ ಸಿಟ್ಟು ಬಂದರೂ ಕಡೆಗೆ ಇಳಿದುಬಿಡುತ್ತದೆ.

ವಸೀಮಾ ಬೆಳೆದಳು. ಹೈದರಾಬಾದಿನ ಹುಡುಗನಿಗೆ ಕೊಟ್ಟರು. ಆತ ಶಿಕಾಗೊದಲ್ಲಿ ಟ್ಯಾಕ್ಸಿ ಓಡಿಸುವ ಕೆಲಸ ಹಿಡಿದು, ಹೆಂಡತಿಯನ್ನೂ ಕೈಗೂಸು ಕಹಕಶಾಳನ್ನೂ ಕರೆಸಿಕೊಂಡ. ಹೊರಟ ದಿನ ಗುಲ್ಷನ್‌ಬೀ ಹೈದರಾಬಾದಿನ ವಿಮಾನದವರೆಗೆ ಹೋಗಿ ಕಳಿಸಿ ಬರುತ್ತೇನೆಂದು ಹಟ ಹಿಡಿದು ಬಸ್ ಹತ್ತಿದಳು. ಜವಳಗೇರಾದಲ್ಲಿ ಶುರುವಾದ ವಾಂತಿ ಪೋತ್ನಾಳ ಬರುವಷ್ಟರಲ್ಲಿ ಆಕೆಯನ್ನು ಹಿಂಡಿ ಹಿಪ್ಪೆ ಮಾಡಿತು. ಬಸ್ಸಿನಲ್ಲಿದ್ದವರು ಗೊಣಗಿದರು. ವಿಮಾನಕ್ಕೆ ಹೊತ್ತಾಗುತ್ತಿತ್ತು. "ನನ್ನ ಇಳಿಸಿಬಿಡ್ರಿ" ಎಂದು ತಾನೇ ಹೇಳಿ ಪೋತ್ನಾಳದಲ್ಲಿ ಗಂಡನ ಜೊತೆ ಇಳಿದಳು. ಬಸ್ಸು ಹೊರಟಿತು. ವಸೀಮಾಳ ಕೈ ಕಿಟಕಿಯಲ್ಲಿ ಬೀಸುತ್ತ ಬೀಸುತ್ತ ದೂರವಾಯಿತು. ಮಗಳಂತೆ ಸಾಕಿದವಳನ್ನು ಅರ್ಧ ದಾರಿಯಲ್ಲಿ ಬಿಟ್ಟೆ ಎಂಬುದು ಅವತ್ತೇ ಆಕೆಯ ಎದೆಯಲ್ಲಿ ಕೂತಿತು. ಕಹಕಶಾ ಈಗ ದೊಡ್ಡ ಹುಡುಗಿ, ಅಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಕ್ಕತಂಗಿಯರು ಮಾತ್ರ ಅವತ್ತಿನಿಂದ ಮುಖಾಮುಖಿ ನೋಡಿಲ್ಲ.

ಹೋದ ವರ್ಷ ವಸೀಮಾಳ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಕೆ ಇಲ್ಲಿಗೆ ಬರುವ ಮಾತೇ ಇಲ್ಲ. ಫೋನಿನಲ್ಲಿ ಅಕ್ಕನಿಗೆ ಒಂದೇ ಮಾತು: "ಆಪಾ, ನೀ ಒಮ್ಮೆ ಬಾ." ಕಹಕಶಾ ಓಡಾಡಿ ಕಾಗದಪತ್ರ ಮಾಡಿಸಿದಳು. ವೀಸಾಕ್ಕೆಂದು ಹೈದರಾಬಾದಿಗೆ ಹೋಗುವಾಗ ಗುಲ್ಷನ್‌ಬೀ ರಾಯಚೂರಿನವರೆಗೆ ಗಾದಿ ಸಾಗಿಸುವ ಗಾಡಿಯ ಹಿಂದೆ, ಗಾದಿಯ ಮೇಲೇ ಕೂತು ಹೋದಳು. ಅಷ್ಟು ಗಾಳಿಯಲ್ಲೂ ಮಾನ್ವಿಯಲ್ಲಿ ಗಾಡಿ ನಿಲ್ಲಿಸಬೇಕಾಯಿತು. ರಾಯಚೂರಿನಿಂದ ಮುಂದೆ ರೈಲು ಹಿಡಿದಳು. ಅಮೆರಿಕಕ್ಕೆ ಯಾಕೆ ಹೋಗುತ್ತೀರೆಂದು ವೀಸಾ ಕೊಡುವ ಸಾಹೇಬ ಕೇಳಿದರೆ, "ತಂಗಿನ್ನ ನೋಡಬೇಕು" ಎಂದಳು, ಅಷ್ಟೇ. ವೀಸಾ ಸಿಕ್ಕಿತು. ಓಣಿಯಲ್ಲೆಲ್ಲ ಸಕ್ಕರೆ ಹಂಚಿದೆವು.

ಆಮೇಲೆ ಟಿಕೆಟ್ ತೆಗೆಯುವ ದಿನ ಕಹಕಶಾ ದೊಡ್ಡಮ್ಮನಿಗೆ ಫೋನ್ ಮಾಡಿದಳು. ಅವರ ಮನೆಮಾತು ದಖನಿ. ನನಗೆ ಅದು ಬರುತ್ತದೆ, ನಿಮಗೆ ನಮ್ಮ ಮಾತಿನಲ್ಲೇ ಹೇಳುತ್ತೇನೆ.

"ಖಾಲಾ, ಕಿಟಕಿ ಕಡೀಗ ಸೀಟ್ ಹಿಡೀಲೋ, ಓಡಾಡೋ ದಾರಿ ಕಡೀಗ ಹಿಡೀಲೋ?"

"ಕಿಟಕಿ ಕಡೀಗ ಹಿಡಿಯವಾ. ಸಲೀಸಾಗಿ ತೆಗಿಯಾಕ ಬರೋ ಕಿಟಕಿ ನೋಡು."

ಹುಡುಗಿ ನಕ್ಕಳು. "ವಿಮಾನದ ಕಿಟಕಿ ತೆಗಿಯಾಕ ಬರಂಗಿಲ್ಲ ಖಾಲಾ."

ಗುಲ್ಷನ್‌ಬೀ ನಗಲಿಲ್ಲ. "ಹಂಗಾರ ಈಗ ಟಿಕೆಟ್ ತಗೀಬ್ಯಾಡ" ಎಂದು ಫೋನ್ ನನ್ನ ಕೈಗಿಟ್ಟಳು. ಕಹಕಶಾ ನನ್ನ ಹತ್ತಿರ, ಖಾಲಾಗೆ ಸರೋವರ, ಮುಗಿಲು ಮುಟ್ಟುವ ಕಟ್ಟಡ, ತಲೆಯ ಮೇಲೆ ಓಡುವ ರೈಲು, ಏನೇನೋ ತೋರಿಸುವುದಿದೆ ಅಂದಳು. ತಿಂಗಳ ಕೊನೆಯೊಳಗೆ ಗಟ್ಟಿ ಮಾಡಿ ಹೇಳಿ, ಆಮೇಲೆ ಅಮ್ಮಿಗೆ ದವಾಖಾನೆಯಲ್ಲಿ ಬೇರೆ ಚಿಕಿತ್ಸೆ ಇದೆ, ಮನೆಯಲ್ಲಿ ಯಾರೂ ಇರುವುದಿಲ್ಲ ಅಂದಳು.

ನಾನು ಫೋನಿಟ್ಟು ಬೈಯಲು ಬಾಯಿ ತೆರೆದೆ. ಆಕೆ ಮೆಲ್ಲಗೆ ಅಂದಳು: "ಪೋತ್ನಾಳದಾಗ ಇಳಿಸ್ರಿ ಅಂದೆ, ಇಳಿಸಿದ್ರು. ಮುಗಿಲಾಗ ಯಾರಿಗಿ ಹೇಳ್ಲಿ, ಶಿವಲಿಂಗವ್ವಾ?" 

ದಾವಲ್‌ಸಾಬ್ ಒಂದು ಉಪಾಯ ಹೂಡಿದ. ಹೊಸ ಎತ್ತನ್ನು ನೊಗಕ್ಕೆ ಪಳಗಿಸಿದಂತೆ ಹೆಂಡತಿಯನ್ನು ಬಸ್ಸಿಗೆ ಪಳಗಿಸಬೇಕಂತೆ. "ಮೊದಲ ಮಸ್ಕಿ, ಆಮ್ಯಾಲೆ ಲಿಂಗಸುಗೂರು, ಆಮ್ಯಾಲೆ ಶಿಕಾಗೊ" ಎಂದ. ಕೇಳಿದವರು ಬಿದ್ದು ಬಿದ್ದು ನಕ್ಕರು. ಆದರೆ ಒಂದೇ ರಸ್ತೆಯಲ್ಲಿ ಒಂದರ ಮುಂದೊಂದು ಇರುವ ಊರುಗಳು, ಯೋಚನೆ ಕೆಟ್ಟದ್ದೇನಲ್ಲ. ಜೊತೆಗೆ ಹೋಗುವ ಕೆಲಸ ನನಗೆ ಬಿತ್ತು.

ಮಸ್ಕಿಗೆ ಹೊರಟ ಬೆಳಿಗ್ಗೆ ನೋಡಬೇಕಿತ್ತು ಅವರ ಮನೆ. ಖಾಲಿ ಹೊಟ್ಟೆಯಲ್ಲಿ ಹೊಸ್ತಿಲು ದಾಟಬಾರದು ಎನ್ನುವುದು ನಮ್ಮ ಕಡೆ ಹಿಂದೂ ಮುಸಲ್ಮಾನ ಎಲ್ಲರ ಮಾತು. ದಾವಲ್‌ಸಾಬ್ ಖೀಮಾ ಮಾಡಿಸಿದ್ದ. ಬಳಗಾನೂರಿನ ಸಂಬಂಧಿಕರು ಸಿಹಿ ಸಜ್ಜಕ ತಂದಿದ್ದರು. ನಾನೇನು ಕಡಿಮೆಯೇ? ಬಿಸಿ ರೊಟ್ಟಿ, ಎಣ್ಣೆಗಾಯಿ ಒಯ್ದು ಎದುರಿಗೆ ಕೂತು ತಿನ್ನಿಸಿದೆ. "ಸಾಕು ಬೇ" ಅಂದಾಗೆಲ್ಲ "ದಾರಿ ಐತಿ, ತಿನ್ನು" ಅಂದೆ. ಊರು ದಾಟಿ ಸ್ವಲ್ಪ ದೂರಕ್ಕೆ ಖೀಮಾ, ಸಜ್ಜಕ, ಎಣ್ಣೆಗಾಯಿ ಎಲ್ಲ ರಸ್ತೆಯ ಪಾಲಾಯಿತು. ಮಸ್ಕಿಯಲ್ಲಿ ದಾವಲ್‌ಸಾಬನ ದಾಯಾದಿ ಪೀರ್‌ಸಾಬನ ಮನೆ. ಪಾಪ, ಹೊಟ್ಟೆ ಖಾಲಿಯಾಗಿದೆಯೆಂದು ಅವರು ಮತ್ತೆ ತುಂಬಿಸಿ ಕಳಿಸಿದರು. ಬರುವಾಗಲೂ ಅದೇ ಕತೆ.

ಎರಡನೆಯ ಸಲ ಡಾಕ್ಟರ ಹತ್ತಿರ ಹೋಗಿ ಗುಳಿಗೆ ತಂದೆವು. "ಏನಾದ್ರೂ ಒಂಚೂರು ತಿಂದು ತಗೊಳ್ರಿ" ಎಂದಿದ್ದರು ಅವರು. ಒಂಚೂರು ಅಂದರೆ ಡಾಕ್ಟರ ಲೆಕ್ಕದಲ್ಲಿ ಎರಡು ಬಿಸ್ಕತ್ತು ಇರಬೇಕು. ನಮ್ಮ ಓಣಿಯ ಲೆಕ್ಕದಲ್ಲಿ ನಾಲ್ಕು ರೊಟ್ಟಿ. ಗುಳಿಗೆಯ ನೆಪದಲ್ಲಿ ಆಕೆ ಎಂದಿಗಿಂತ ಹೆಚ್ಚೇ ತಿಂದಳು. ಗುಳಿಗೆಯೂ ಹೊರಗೆ ಬಂತು. ಕಂಡಕ್ಟರ್ ನಮ್ಮನ್ನು ನೋಡಿ ಮುಖ ಗಂಟಿಕ್ಕಿದ. ನಾನು, "ನಿಮ್ಮವ್ವಗ ಆದ್ರ ಹಿಂಗ ನೋಡ್ತಿದ್ದೇನ್ಲೇ?" ಎಂದು ಅವನ ನೀರಿಳಿಸಿದೆ. ಆದರೆ ಮನಸ್ಸಿನಲ್ಲಿ ಆಸೆ ನನಗೂ ಸತ್ತಿತ್ತು.

ಅವತ್ತು ಸಂಜೆ ಗುಲ್ಷನ್‌ಬೀ ತಂಗಿಗೆ ಫೋನ್ ಮಾಡಿ, ನನ್ನಿಂದ ಆಗುವುದಿಲ್ಲ ಎಂದಳು. ವಸೀಮಾ ಅಳಲಿಲ್ಲ, ಸಿಟ್ಟು ಮಾಡಲಿಲ್ಲ. "ಇರ್ಲಿ ಬಿಡು ಆಪಾ. ನೀ ತ್ರಾಸ ಮಾಡ್ಕೋಬ್ಯಾಡ" ಎಂದಳಂತೆ. ಜಗಳವಾದರೂ ಮಾಡಿದ್ದರೆ ಚೆನ್ನಾಗಿತ್ತು. ಗುಲ್ಷನ್‌ಬೀ ಹೊಲಿಯುತ್ತಿದ್ದ ದಿಂಬನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತುಬಿಟ್ಟಳು. ಡಯಾಲಿಸಿಸ್ ಕುರ್ಚಿಯಲ್ಲಿ ಹೊತ್ತುಗಟ್ಟಲೆ ಕೂರುವ ತಂಗಿಯ ತಲೆಗೆಂದು ಆರಿಸಿದ ಹತ್ತಿ ತುಂಬಿದ್ದ ದಿಂಬು ಅದು. 

ಆ ವಾರವೇ ಒಂದು ಬೆಳಿಗ್ಗೆ ಲಿಂಗಸುಗೂರಿನಿಂದ ಸುದ್ದಿ ಬಂತು. ಗುಲ್ಷನ್‌ಬೀಯ ಸೋದರಮಾವ ಶಾಮೀದಸಾಬ ಹೋಗಿಬಿಟ್ಟರು. ಬಾಳಿದ ಜೀವ, ಮಲಗಿದಲ್ಲೇ ಹೋದರು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮಣ್ಣು. ಮುಖ ನೋಡಬೇಕೆಂದರೆ ಸಿಕ್ಕ ಬಸ್ ಹತ್ತಬೇಕು. ನಾನೂ ಒಲೆ ಆರಿಸಿ ಜೊತೆಗೆ ಓಡಿದೆ. ಸಾವಿನ ಸುದ್ದಿ ಕೇಳಿದ ಮನೆಯಲ್ಲಿ ಯಾರು ಒಲೆ ಹಚ್ಚುತ್ತಾರೆ, ಯಾರು ತಿನ್ನುತ್ತಾರೆ? ಚಹಾ ಸಹ ಕುಡಿದಿರಲಿಲ್ಲ.

ಮಸ್ಕಿ ದಾಟಿತು, ಲಿಂಗಸುಗೂರು ಬಂತು, ಇಳಿದೆವು. ಮುಖ ನೋಡಿದೆವು, ಅತ್ತೆವು. ಗಂಡಸರು ಮಣ್ಣು ಕೊಟ್ಟು ಬಂದ ಮೇಲೆ ನೆರೆಮನೆಯವರು ಪದ್ಧತಿಯಂತೆ ಅಡುಗೆ ಕಳಿಸಿದರು. ಖಿಚಡಿ, ಹುಣಸೆಹುಳಿಯ ಖಟ್ಟಾ. ದೂರದಿಂದ ಬಂದವರೆಂದು ಗುಲ್ಷನ್‌ಬೀಗೆ ಒತ್ತಾಯ ಮಾಡಿ ಮಾಡಿ ಉಣಿಸಿದರು.

ತಿರುಗಿ ಬರುವಾಗ ಮಸ್ಕಿಗಿಂತ ಮೊದಲೇ ತಲೆ ಕಿಟಕಿಯ ಹೊರಗೆ ಹೋಯಿತು. ನಾನು ಬೆನ್ನು ಸವರುತ್ತ ಕೂತಿದ್ದೆ. ಸವರುತ್ತಿದ್ದ ಕೈ ಗಕ್ಕನೆ ನಿಂತಿತು.

"ಗುಲ್ಷನ್, ಹೋಗೋವಾಗ ನೀ ಯಾಕ ವಾಂತಿ ಮಾಡ್ಕೊಳ್ಳಿಲ್ಲಬೇ?"

ಆಕೆ ಬಾಯಿ ಒರೆಸಿಕೊಂಡಳು. "ದುಃಖದಾಗಿದ್ದೆ."

"ಈಗೇನು ಸಂತೋಷದಾಗ ಅದೀಯೇನು? ರಸ್ತಾ ಅದೇ, ಬಿಸಿಲೂ ಅದೇ, ಬಸ್ಸೂ ಅಂಥಾದ್ದೇ. ಹೋಗೋವಾಗ ಹೊಟ್ಟ್ಯಾಗ ಏನಿತ್ತು?"

"ಏನೂ ಇದ್ದಿದ್ದಿಲ್ಲ."

"ಈಗ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆವು! ಅವತ್ತಿನ ಬೆಳಗೊಂದು ಬಿಟ್ಟರೆ ಹುಟ್ಟಿದಾಗಿನಿಂದ ಆಕೆ ಹೊಟ್ಟೆ ಬಿರಿಯುವಂತೆ ತಿನ್ನದೆ ಒಮ್ಮೆಯೂ ಬಸ್ ಹತ್ತಿರಲಿಲ್ಲ. ಪ್ರೀತಿಯಿಂದ ತಿನ್ನಿಸಿ ತಿನ್ನಿಸಿ ನಾವೇ ಆಕೆಯನ್ನು ಕೆಡಿಸಿದ್ದೆವು. ನಾನು ಬಸ್ಸಿನಲ್ಲೇ ತೊಡೆ ತಟ್ಟಿಕೊಂಡು ನಕ್ಕೆ. "ಏನಾತ್ರಿ ಅಮ್ಮಾ?" ಎಂದ ಕಂಡಕ್ಟರ್. "ಏನಿಲ್ಲಪಾ, ನಮಗ ಬುದ್ಧಿ ಬಂತು" ಅಂದೆ. ಮಾವ ಸತ್ತ ದಿನ ನಗಬಾರದಿತ್ತು. ಆದರೆ ಶಾಮೀದಸಾಬರೇ ಹೋಗುತ್ತ ಹೋಗುತ್ತ ಸೋದರಸೊಸೆಗೆ ದಾರಿ ತೋರಿಸಿಹೋದರೆಂದು ಇವತ್ತಿಗೂ ನಾನು ನಂಬಿದ್ದೇನೆ.

ದಾವಲ್‌ಸಾಬ್ ಒಪ್ಪಲಿಲ್ಲ. "ಖಾಲಿ ಹೊಟ್ಟ್ಯಾಗ ಹೊಂಟ್ರ ದಾರ್‍ಯಾಗ ಬರಕತ್ ಇರಂಗಿಲ್ಲ, ಒಳ್ಳೇದಾಗಂಗಿಲ್ಲಂತ ನಮ್ಮಮ್ಮ ಹೇಳ್ತಿದ್ಲು."

"ನಿಮ್ಮವ್ವ ಎತ್ತಿನ ಬಂಡ್ಯಾಗ ಹೋಗ್ತಿದ್ಲು, ಅಣ್ಣಾ. ಸಂಜೀತನಕ ದಾರ್‍ಯಾಗ ಒಂದು ಹೋಟೆಲ್ ಇರ್ತಿದ್ದಿಲ್ಲ. ತಿನ್ನಲಾರದ ಹೊಂಟ್ರ ಸತ್ತು ಹೋಗ್ತಿದ್ರು. ಈಗ ತಿಂದು ಹೊಂಟ್ರ ಸಾಯಾಕತ್ತಾರ."

ಆದರೂ ಒಂದು ಪೇಚಿತ್ತು. ಮನೆಯಲ್ಲಿ ತಿನ್ನದಿದ್ದರೂ ಹೋದಲ್ಲಿ ಬಿಡಬೇಕಲ್ಲ? ನಮ್ಮ ಕಡೆ ಒಲ್ಲೆ ಅಂದರೆ ಯಾರೂ ಕೇಳುವುದಿಲ್ಲ. ಒಲ್ಲೆ ಅನ್ನುವುದು ಇನ್ನೆರಡು ಸಲ ಒತ್ತಾಯ ಮಾಡಿರಿ ಅನ್ನುವುದಕ್ಕೆ ಸಮ. ಇದಕ್ಕೆ ಗುಲ್ಷನ್‌ಬೀಯೇ ದಾರಿ ಕಂಡುಕೊಂಡಳು. ಗುರುವಾರ ರೋಜಾ ಉಪವಾಸ ಹಿಡಿದಳು. ನಸುಕಿನಲ್ಲಿ ಎರಡು ಖರ್ಜೂರ, ನೀರು, ಅಷ್ಟೇ. ರೋಜಾ ಅಂದರೆ ಎಂಥ ಒತ್ತಾಯದ ಮಂದಿಯೂ ಕೈ ಹಿಂದೆ ತೆಗೆದುಕೊಳ್ಳುತ್ತಾರೆ.

ಮಸ್ಕಿಯಲ್ಲಿ ಇಳಿದಾಗ ಸೀರೆ ಒಣಗಿದ್ದು ಒಣಗಿದಂತೆಯೇ ಇತ್ತು. ಆಕೆ ತನ್ನ ಸೆರಗನ್ನು ತಾನೇ ತಿರುವಿ ತಿರುವಿ ನೋಡಿಕೊಂಡಳು. ಪೀರ್‌ಸಾಬನ ಹೆಂಡತಿ ಮುಖ ಸಣ್ಣದು ಮಾಡಿಕೊಂಡು ಅಡುಗೆ ಮುಚ್ಚಿಟ್ಟಳು. ಮುಂದಿನ ವಾರ ಲಿಂಗಸುಗೂರು. ಹೋಗುತ್ತ ಒಣಗಿದ ಸೀರೆ, ಬರುತ್ತಲೂ ಒಣಗಿದ ಸೀರೆ. ಬರುವಾಗ ಆಕೆ ಕಿಟಕಿಯಿಂದ ಹೊರಗೆ ನೋಡಿದಳು, ಮಸ್ಕಿಯ ಗುಡ್ಡ ನೋಡಿದಳು. "ಶಿವಲಿಂಗವ್ವಾ, ಈ ರಸ್ತಾ ಇಷ್ಟು ಛಂದ ಐತಿ ಅಂತ ನನಗ ಗೊತ್ತಿದ್ದಿಲ್ಲ ನೋಡು" ಅಂದಳು.  ನಾನು, "ಹೂಂ, ಇಷ್ಟು ದಿನ ಹೊಲಸು ಮಾಡಾಕ ಅಷ್ಟ ನೋಡಿದ್ದಿ" ಅಂದೆ.

ತಿಂಗಳು ಮುಗಿಯುವುದರೊಳಗೇ ಗುಲ್ಷನ್‌ಬೀ ಬರುತ್ತೇನೆಂದು ಫೋನ್ ಮಾಡಿದಳು, ಕಹಕಶಾ ಟಿಕೆಟ್ ತೆಗೆದಳು. ಹೈದರಾಬಾದಿನಿಂದ ದುಬೈ, ದುಬೈಯಿಂದ ಶಿಕಾಗೊ. ಡಾಕ್ಟರನ್ನು ಮತ್ತೆ ಕೇಳಿದೆವು. ಅಷ್ಟು ದೂರ ಪೂರ್ತಿ ಉಪವಾಸ ಬೇಡ, ಒಣಗಿದ್ದು ಏನಾದರೂ ಆಗಾಗ ಚೂರುಚೂರು ಕಡಿಯಲಿ ಅಂದರು. ಈ ಸಲ ಚೂರು ಅಂದರೆ ಎಷ್ಟೆಂದು ಬೆರಳಿನಿಂದ ತೋರಿಸಿ ಕೇಳಿಕೊಂಡು ಬಂದೆ. ಹಪ್ಪಳದಷ್ಟು ತೆಳ್ಳಗೆ ಖಡಕ್ ರೊಟ್ಟಿ ಮಾಡಿದೆ, ಎಣ್ಣೆ ಇಲ್ಲ, ಖಾರ ಇಲ್ಲ. ಮುರಿದು ಚೀಲದಲ್ಲಿ ಕಟ್ಟಿಕೊಟ್ಟೆ. ನನ್ನ ರೊಟ್ಟಿ ಸಿಂಧನೂರು ದಾಟಿದ್ದೇ ಕಡಿಮೆ. ಈಗ ವಿಮಾನ ಹತ್ತಿತು ನೋಡಿ!

ಹೊರಡುವ ದಿನ ತುರ್ವಿಹಾಳದಿಂದ ಶೇಖಮ್ಮ ಬಂದಳು. ದಾವಲ್‌ಸಾಬನ ಅಕ್ಕ, ಮನೆಗೆಲ್ಲ ಹಿರಿಯಳು, ಆಕೆಯ ಎದುರು ದಾವಲ್‌ಸಾಬ್ ಇಂದಿಗೂ ಕೂತು ಮಾತಾಡುವುದಿಲ್ಲ. ಕೈಯಲ್ಲಿ ದೊಡ್ಡ ಡಬ್ಬಿ, ತುಂಬ ಬಿರಿಯಾನಿ.

"ನಾ ರೋಜಾ ಅದೀನಿ, ಆಪಾ" ಅಂದಳು ಗುಲ್ಷನ್‌ಬೀ.

"ಸಫರ್ ಹೊಂಟವ್ರಿಗಿ ರೋಜಾ ಮಾಫ್ ಐತಿ. ನನಗ ಹೇಳಾಕ ಬರಬ್ಯಾಡ. ಕೂಡು, ಉಣ್ಣು."

ಬಿತ್ತಲ್ಲ ಕಲ್ಲು! ನಾನು ಹೊಸ್ತಿಲಿಗೆ ಅಡ್ಡ ನಿಂತೆ. "ಡಬ್ಬಿ ಒಳಗ ಬರಂಗಿಲ್ಲ" ಅಂದೆ. "ನೀ ಯಾರಬೇ ಕೇಳಾಕಿ? ನಮ್ಮ ಮನಿ ಸೊಸಿ ಮುಗಿಲು ದಾಟಿ ಹೊಂಟಾಳ. ಉಪವಾಸ ಕಳಸಾಕ ಇದೇನು ಸತ್ತವರ ಮನಿ ಏನು?" ಎಂದು ಆಕೆ ಕೂಗಿದಳು. ನಾನೂ ಕೂಗಿದೆ. ಓಣಿಯ ಮಂದಿ ಕೂಡಿತು. ದಾವಲ್‌ಸಾಬ್ ಗಾದಿಗಳ ಹಿಂದೆ ಹೋಗಿ ನಿಂತ.

ಗುಲ್ಷನ್‌ಬೀ ಮುಂದೆ ಬಂದು ಶೇಖಮ್ಮನ ಕೈ ಹಿಡಿದಳು. "ಆಪಾ, ವಸೀಮಾ ಹೊಂಟ ದಿನ ನಾ ಹೊಟ್ಟಿತುಂಬ ಉಂಡು ಬಸ್ ಹತ್ತಿದ್ದೆ. ಪೋತ್ನಾಳದಾಗ ಇಳದೆ. ಇವತ್ತ ಉಪವಾಸ ಹೊಂಟೀನಿ. ಇವತ್ತ ನಾ ಇಳಿಯಂಗಿಲ್ಲ. ಉಣ್ಣೋದು ಆಕಿ ಮನ್ಯಾಗ ಉಣ್ತೀನಿ."

 ವಸೀಮಾ ಹೊರಟ ದಿನ ಪಲಾವ್ ಮಾಡಿ ಉಣಿಸಿದ್ದು ಶೇಖಮ್ಮನೇ. ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟು, ಸೆರಗಿನ ತುದಿಯಿಂದ ನಾಣ್ಯ ಬಿಚ್ಚಿ, ಹಸಿರು ಬಟ್ಟೆಯಲ್ಲಿ ಸುತ್ತಿ ಗುಲ್ಷನ್‌ಬೀಯ ಬಲತೋಳಿಗೆ ಇಮಾಮ್ ಜಾಮಿನ್ ಕಟ್ಟಿದಳು. ದಾರಿ ಕಾಯಲೆಂದು ಕಟ್ಟುವ ಹರಕೆ ಅದು. ಮುಟ್ಟಿದ ಮೇಲೆ ಬಿಚ್ಚಿ ದಾನ ಕೊಡಬೇಕು. ಆಕೆ ಕಟ್ಟಿದ್ದೇ ತಡ, ಉಳಿದವರೆಲ್ಲ ಸಾಲಾಗಿ ಬಂದರು. ಉಣಿಸಲು ಬಿಡದ ಕೈಗಳು ಏನಾದರೊಂದು ಮಾಡಬೇಕಲ್ಲ? ನಾನೂ ಒಂದು ಕಟ್ಟಿದೆ. ತೋಳು ಭುಜದಿಂದ ಮೊಣಕೈತನಕ ತುಂಬಿತು. ಬಿರಿಯಾನಿಯನ್ನು ಓಣಿಯೆಲ್ಲ ಉಂಡಿತು, ನಾನಂತೂ ಎರಡು ಸಲ ಹಾಕಿಸಿಕೊಂಡೆ.

ಹೈದರಾಬಾದಿನವರೆಗೆ ಕಳಿಸಿ ಬಂದ ದಾವಲ್‌ಸಾಬ್ ನೇರ ನನ್ನ ಒಲೆಯ ಮುಂದೆ ಬಂದು ಕೂತ. ಪೋತ್ನಾಳದಲ್ಲಿ ಬಸ್ ನಿಂತಿತ್ತಂತೆ. ಗುಲ್ಷನ್‌ಬೀ ಇಳಿದವರನ್ನೂ ಹತ್ತಿದವರನ್ನೂ ನೋಡುತ್ತ ಮುಂದಿನ ಸೀಟಿನ ಕಂಬಿ ಬಿಗಿಯಾಗಿ ಹಿಡಿದಿದ್ದಳಂತೆ. ಬಸ್ ಹೊರಟ ಮೇಲೆ ಕಂಬಿ ಬಿಟ್ಟು, "ಹೊಂಟ್ತು" ಅಂದಳಂತೆ. ಅಷ್ಟು ಹೇಳಿ ದಾವಲ್‌ಸಾಬ್ ಟೋಪಿ ತೆಗೆದು ಕಣ್ಣೊರೆಸಿಕೊಂಡ.

ಆಮೇಲೆ ಕಾಯುವುದು. ಯಾವ ಊರಿನ ಮೇಲೆ ಹಾರುತ್ತಿದ್ದಾಳೋ, ರೊಟ್ಟಿ ಕಡಿದಳೋ ಇಲ್ಲವೋ, ಪಕ್ಕದಲ್ಲಿ ಕೂತವರು ಎಂಥವರೋ! ನಾನು ಸಿಕ್ಕವರ ಮೇಲೆಲ್ಲ ರೇಗಿದೆ. ಮರುದಿನ ಬೆಳಿಗ್ಗೆ ಹೆಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದಾಗ ಫೋನ್ ಬಂತು, ಮುಖ ಕಾಣುವ ಫೋನು. ಗುಲ್ಷನ್‌ಬೀಯ ಮುಖ ಪರದೆ ತುಂಬ.

"ಒಂದ್ಸಲನೂ ಇಲ್ಲ ಬೇ! ಒಂದ್ಸಲನೂ ಇಲ್ಲ!" ಎಂದಳು. "ಹೈದರಾಬಾದಿನಾಗ ತಪಾಸಣಿ ಮಾಡೋ ಹುಡುಗಿ ನನ್ನ ತೋಳ ಮುಟ್ಟಿ, ಇದೇನಮ್ಮಾ ಅಂದ್ಲು. ಇದು ನಮ್ಮೂರು, ಅವ್ವಾ ಅಂದೆ. ನಕ್ಕು ಬಿಟ್ಲು."

ನನ್ನ ಎದೆಯ ಮೇಲಿನ ಬೀಸುಕಲ್ಲು ಇಳಿಯಿತು. "ವಸೀಮಾ ಎಲ್ಲಿ?" ಅಂದೆ.

ಫೋನ್ ತಿರುಗಿತು. ವಸೀಮಾ ಬಡಕಲಾಗಿದ್ದಾಳೆ, ಕಣ್ಣು ಮಾತ್ರ ಅವೇ. ತಲೆಯ ಕೆಳಗೆ ಅಕ್ಕ ಹೊಲಿದ ದಿಂಬು. "ಶಿವಲಿಂಗಕ್ಕಾ" ಅಂದಳು. "ನಮ್ಮ ಆಪಾ ಪೋತ್ನಾಳ ದಾಟಿ ಬಂದಾಳ."

 ಹಿಟ್ಟಿನ ಕೈಯಲ್ಲೇ ಫೋನ್ ಹತ್ತಿರ ಹಿಡಿದು, "ಉಂಡಿಯೇನಬೇ, ಗುಲ್ಷನ್?" ಅಂದೆ.

"ಉಣ್ಣಾಕತ್ತೀನಿ. ಇನ್ನ ಯಾವ ಬಸ್ಸೂ ಹತ್ತೋದಿಲ್ಲಲ್ಲ."

ಪರದೆಯ ಅಂಚಿನಿಂದ ವಸೀಮಾಳ ಸಣಕಲು ಕೈ ಒಂದು ತುತ್ತು ಹಿಡಿದು ಬಂತು. ಗುಲ್ಷನ್‌ಬೀ ಚಿಕ್ಕ ಮಗುವಿನ ಹಾಗೆ ಬಾಯಿ ತೆರೆದಳು. ನಾನು ನೋಡುತ್ತಲೇ ಇದ್ದೆ. ಹೆಂಚಿನ ಮೇಲಿದ್ದ ರೊಟ್ಟಿ ಸುಟ್ಟು ಕರಕಾಗಿತ್ತು.